ಒಂದು ಬಟನ್ ತಾನೇ?

ಇಂಗ್ಲಿಷ್‌ನಲ್ಲಿದ್ದ ನನ್ನ ಸೈಟಿಗೆ ಕನ್ನಡವನ್ನೂ ಸೇರಿಸಬೇಕು ಅಂದಾಗ ಗೆಳೆಯ ಹೇಳಿದ್ದು ಇಷ್ಟೇ: "ಮೇಲೊಂದು ಬಟನ್ ಹಾಕು, ಮುಗೀತು." ಹಾಕಿದೆ. ಒತ್ತಿದರೆ ಅದು ಎಲ್ಲಿಗೆ ಹೋಗಬೇಕು ಅನ್ನೋದೊಂದೇ ಬಾಕಿ.

ನನ್ನದು ಸ್ಟ್ಯಾಟಿಕ್ ಸೈಟು. ಡೇಟಾಬೇಸ್ ಇಲ್ಲ, ಏನಿಲ್ಲ. ಹ್ಯೂಗೊ ಅನ್ನೋ ಟೂಲು ಮೊದಲೇ ಎಚ್‌ಟಿಎಂಎಲ್ ಪುಟಗಳನ್ನು ಮಾಡಿಟ್ಟಿರುತ್ತದೆ, ಸರ್ವರ್ ಅದನ್ನೇ ಎತ್ತಿ ಕೊಡುತ್ತದೆ. ಬ್ರೌಸರ್ ಪಾಪ, 'ಇವರಿಗೆ ಕನ್ನಡ ಬೇಕಂತೆ' ಅಂತ ಪ್ರತಿ ಸಲ ಪುಟ ಕೇಳುವಾಗ ಜೊತೆಗೆ ಹೋಗುವ ಚೀಟಿಯಲ್ಲಿ, ಅಂದರೆ ಹೆಡರ್‌ನಲ್ಲಿ, ಬರೆದು ಕಳಿಸುತ್ತದೆ. ನನ್ನ ಸರ್ವರ್ ಅದನ್ನು ತಿರುಗಿಯೂ ನೋಡಲ್ಲ.

ಸರಿ, ನಾಲ್ಕು ಸಾಲು ಜಾವಾಸ್ಕ್ರಿಪ್ಟ್ ಬರೆದೆ. ಬ್ರೌಸರ್ ಭಾಷೆ ಕನ್ನಡವಾಗಿದ್ದರೆ ಕನ್ನಡ ಪುಟಕ್ಕೆ ಕಳಿಸು ಅಂತ. ಗೆಳೆಯ ಕನ್ನಡ ಪುಟಕ್ಕೆ ಬಂದ, 'ಇಂಗ್ಲಿಷ್' ಒತ್ತಿದ, ಇಂಗ್ಲಿಷ್ ಪುಟ ಕಣ್ಣು ಬಿಡುವಷ್ಟರಲ್ಲಿ ಸ್ಕ್ರಿಪ್ಟು ಅವನನ್ನು ವಾಪಸ್ ಕನ್ನಡಕ್ಕೆ ಎಳೆದು ತಂದಿತು, ಅವನು ಮತ್ತೆ ಒತ್ತಿದ, ಅದು ಮತ್ತೆ ಎಳೆಯಿತು. "ನಿನ್ನ ಕನ್ನಡಾಭಿಮಾನ ಸ್ವಲ್ಪ ಜಾಸ್ತಿ ಆಯ್ತು" ಅಂತ ಮೆಸೇಜ್ ಬಂತು. ಓದುಗರು ಆರಿಸಿದ ಭಾಷೆಯನ್ನು ಬ್ರೌಸರ್‌ನಲ್ಲೇ ನೆನಪಿಡುವಂತೆ ಮಾಡಿದ ಮೇಲೆ ಜಗಳ ನಿಂತಿತು.

ಆಮೇಲೆ ಅನುವಾದವೇ ಆಗದ ಪುಟಗಳು. ಅಲ್ಲಿ ಬಟನ್ ಏನು ಮಾಡಬೇಕು? ಮುಖಪುಟಕ್ಕೆ ಕಳಿಸಿದರೆ ಓದುತ್ತಿದ್ದವರಿಗೆ ಸಿಟ್ಟು. ಬಟನ್ ಮುಚ್ಚಿಟ್ಟರೆ "ಈಗ ಇತ್ತಲ್ಲ, ಎಲ್ಲಿ ಹೋಯ್ತು?" ನಾನಂತೂ ಮುಚ್ಚಿಟ್ಟೆ. ಹುಡುಕಲಿ ಬಿಡಿ.

ಪುಟದ ವಿಳಾಸವೂ ಕನ್ನಡದಲ್ಲೇ ಇರಲಿ ಅನ್ನೋ ಆಸೆ ಬೇರೆ. ನೋಡೋಕೆ ಚೆನ್ನಾಗೇ ಇತ್ತು, ಕಾಪಿ ಮಾಡುವವರೆಗೆ. ಕಂಪ್ಯೂಟರ್ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್, ಒಂದೊಂದು ಬೈಟ್‌ಗೂ ಶೇಕಡಾ ಗುರುತಿನ ಜೊತೆ ಎರಡು ಅಂಕಿ-ಅಕ್ಷರ. ಒತ್ತು ಮೂಡಿಸುವ ಹಲಂತ ಚಿಹ್ನೆಯನ್ನೂ ಲೆಕ್ಕ ಹಿಡಿದರೆ 'ಕನ್ನಡ' ಅನ್ನೋ ಪುಟ್ಟ ಪದ 45 ಅಕ್ಷರದ ಶೇಕಡಾ ಮೆರವಣಿಗೆ. ವಾಟ್ಸಾಪ್‌ಗೆ ಕಳಿಸಿದೆ. "ಇದನ್ನ ಒತ್ತಿದ್ರೆ ದುಡ್ಡು ಹೋಗಲ್ಲ ತಾನೇ?" ಅಂತ ಚಿಕ್ಕಮ್ಮ ಕೇಳಿದರು.

ಹ್ಯೂಗೊಗೆ ಬರುವ ಮೊದಲು ಬಳಸುತ್ತಿದ್ದ ಟೂಲು ಇನ್ನೂ ಘಾಟಿ. ತಲೆಬರಹಕ್ಕೆ ತಾನೇ ಲಿಂಕ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಿಟ್ಟು ಉಳಿದದ್ದನ್ನೆಲ್ಲ ಕಿತ್ತೆಸೆಯುತ್ತಿತ್ತು. ಹಾಗಾಗಿ ನನ್ನ ತಲೆಬರಹಗಳ ಹೆಸರೆಲ್ಲ ಸೆಕ್ಷನ್, ಸೆಕ್ಷನ್-1, ಸೆಕ್ಷನ್-2. ಮಧ್ಯೆ ಹೊಸ ತಲೆಬರಹ ಸೇರಿಸಿದರೆ ಹಳೇ ಲಿಂಕುಗಳೆಲ್ಲ ಪಕ್ಕದ ಮನೆ ಬಾಗಿಲು ತಟ್ಟುತ್ತಿದ್ದವು.

ಒತ್ತಕ್ಷರದ ಕಥೆ ಕೇಳಲೇಬೇಡಿ. ಇಂಗ್ಲಿಷ್‌ಗೆ ಅಂತ ಅಳೆದಿಟ್ಟ ಸಾಲಿನ ಎತ್ತರದಲ್ಲಿ ಒತ್ತುಗಳಿಗೆ ಕಾಲು ಚಾಚೋಕೆ ಜಾಗವೇ ಇಲ್ಲ, ಬಟನ್ನಿನ ಅಂಚಿಗೆ ಸಿಕ್ಕಿ ಅರ್ಧ ಕತ್ತರಿಸಿ ಹೋಗಿದ್ದವು.

ಕೊನೆಗೆ 404, ಇಲ್ಲದ ವಿಳಾಸಕ್ಕೆ ಹೋದರೆ ಬರುವ ಪುಟ. ನನ್ನ ಹೋಸ್ಟಿಂಗ್‌ನಲ್ಲಿ ಇಡೀ ಸೈಟಿಗೆ ಅದು ಒಂದೇ ಫೈಲು, ಭಾಷೆಗೊಂದು ಇಡುವಂತಿಲ್ಲ. ಅದಕ್ಕೇ ಅದರಲ್ಲಿ ಕನ್ನಡ, ಇಂಗ್ಲಿಷ್ ಎರಡನ್ನೂ ಬರೆದಿಟ್ಟೆ. ಈಗ ಎರಡೂ ಭಾಷೆ ಒಂದೇ ಕಡೆ, ಒಂದು ತಪ್ಪೂ ಇಲ್ಲದೆ ಸಿಗೋದು 'ಪುಟ ಸಿಗಲಿಲ್ಲ' ಅನ್ನುವ ಪುಟದಲ್ಲಿ ಮಾತ್ರ.