ಅದು ಮೋಸ ಅಲ್ಲ ಮೇಷ್ಟ್ರೇ

ನಾಲ್ಕು ದಿನದಿಂದ ಹೊಟ್ಟೆಯೊಳಗೆ ಕುದಿಯುತ್ತಿದೆ. ಬರೆಯದಿದ್ದರೆ ಇವತ್ತೂ ನಿದ್ದೆ ಬರುವುದಿಲ್ಲ.

ಸೋಮವಾರ ಬೆಳಿಗ್ಗೆ ತುಮಕೂರಿನ ಅಮಾನಿಕೆರೆಯಲ್ಲಿ ವಾಕಿಂಗ್ ಮುಗಿಸಿ ಎಂದಿನಂತೆ ಕಟ್ಟೆಯ ಹತ್ತಿರ ನಿಂತಿದ್ದೆವು, ಆರೇಳು ಜನ. ನಮ್ಮ ಜೊತೆ ಒಬ್ಬರು ಹಿರಿಯರು ಬರುತ್ತಾರೆ. ಹೈಸ್ಕೂಲಲ್ಲಿ ಪಾಠ ಹೇಳಿ ರಿಟೈರ್ ಆದವರು, ಎಪ್ಪತ್ತು ದಾಟಿದೆ. ನಾವೆಲ್ಲ ಮೇಷ್ಟ್ರು ಅಂತಲೇ ಕರೆಯುವುದು. ನಾಲ್ಕು ತಿಂಗಳಿಂದ ಅವರೂ ನನ್ನ ಹಾಗೆ ಪೇಲಿಯೋ ಊಟ, ಅಂದರೆ ಅನ್ನ, ಮುದ್ದೆ, ಬೇಳೆ ಬಿಟ್ಟ ಆದಿಮಾನವರ ಊಟ, ಮಾಡುತ್ತಿದ್ದಾರೆ. ಅವತ್ತು ತಲೆ ತಗ್ಗಿಸಿ ಮೆಲ್ಲಗೆ ಹೇಳಿದರು:

"ನಿನ್ನೆ ಮಗಳ ಮನೇಲಿ ಮೋಸ ಮಾಡ್ಬಿಟ್ಟೆ ಕಣ್ರೀ. ಹಿತಕಿದ ಬೇಳೆ ಸಾರು ಮಾಡಿದ್ಲು. ಒಂದು ಮುದ್ದೆ ಉಂಡ್ಬಿಟ್ಟೆ."

ಅವರಿಗೆ ಈ ಡಯಟ್ ಹೇಳಿಕೊಟ್ಟವರು ಪಕ್ಕದಲ್ಲೇ ಇದ್ದರು. ಮೇಷ್ಟ್ರಿಗಿಂತ ಮೂವತ್ತು ವರ್ಷ ಚಿಕ್ಕವರು. ಎಲ್ಲರ ಎದುರಿಗೇ ಶುರು ಮಾಡಿದರು. "ಏನ್ ಸಾರ್ ನೀವು? ನಾಲ್ಕು ತಿಂಗಳು ಮಾಡಿದ್ದೆಲ್ಲ ಒಂದೇ ಮುದ್ದೆಗೆ ಹೋಯ್ತಲ್ಲ. ಬಾಯಿ ಕಟ್ಟೋಕಾಗಲ್ಲ ಅಂದ್ರೆ ಯಾಕೆ ಶುರು ಮಾಡ್ಬೇಕಿತ್ತು?"

ಮೇಷ್ಟ್ರು ಏನೂ ಅನ್ನಲಿಲ್ಲ. ಕನ್ನಡಕ ತೆಗೆದು ಟವೆಲ್‌ನಲ್ಲಿ ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದು ಒರೆಸಿದರು.

ನಾನು ಅಲ್ಲೇ ಇದ್ದೆ. ಬಾಯಿ ಬಿಡಲಿಲ್ಲ. ನನ್ನ ಸಂಕಟ ಇರುವುದು ಅಲ್ಲೇ. ಅವತ್ತು ಆಡಬೇಕಾಗಿದ್ದ ಮಾತನ್ನು ಇವತ್ತು ಬರೆಯುತ್ತಿದ್ದೇನೆ.

ಮೋಸ ಅಂತೆ. ಯಾರಿಗೆ ಮೋಸ? ಮಗಳು ಪ್ರೀತಿಯಿಂದ ಬಡಿಸಿದ್ದನ್ನು ತಂದೆ ಉಂಡರೆ ಯಾರಿಗೆ ಏನು ಮೋಸ ಆಯಿತು? ಡಯಟ್ ಬಿಟ್ಟು ಉಂಡರೆ ಅದಕ್ಕೆ ಚೀಟ್ ಮೀಲ್, ಚೀಟ್ ಡೇ ಅಂತ ಮೊಬೈಲಿನಲ್ಲಿ ದಿನಾ ಬರುತ್ತದೆ. ಅದನ್ನೇ ನಾವು ಮೋಸ ಅಂತ ಮಾಡಿಕೊಂಡೆವು. ಆದರೆ ಮೋಸ ಅನ್ನುವುದು ಕನ್ನಡದಲ್ಲಿ ಸಣ್ಣ ಮಾತಲ್ಲ. ತೂಕದಲ್ಲಿ ಹೊಡೆಯುವವನು ಮೋಸ ಮಾಡುತ್ತಾನೆ. ತಮ್ಮನ ಜಮೀನು ಬರೆಸಿಕೊಂಡವನು ಮೋಸ ಮಾಡುತ್ತಾನೆ. ಊಟದ ವಿಷಯಕ್ಕೆ ನಮ್ಮ ಹಿರಿಯರು ಬೇರೆಯೇ ಮಾತು ಇಟ್ಟಿದ್ದರು. ಪಥ್ಯ ತಪ್ಪಿತು ಅನ್ನುತ್ತಿದ್ದರು. ಕಾಮಾಲೆಗೆ ಔಷಧಿ ತಗೊಂಡವರು, ಬಾಣಂತಿಯರು ಎಲ್ಲರೂ ಪಥ್ಯ ಹಿಡಿಯುತ್ತಿದ್ದರು. ಒಂದೊಂದು ಸಲ ತಪ್ಪುತ್ತಿತ್ತು. "ಹೋಗ್ಲಿ ಬಿಡು, ನಾಳೆಯಿಂದ ಮತ್ತೆ ಹಿಡಿ" ಅನ್ನುತ್ತಿದ್ದರು ನಮ್ಮಜ್ಜಿ. ಅಷ್ಟೇ.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ಹದಿನಾಲ್ಕು ತಿಂಗಳ ಹಿಂದೆ ರಕ್ತದ ಸಕ್ಕರೆ ಪರೀಕ್ಷೆಯಲ್ಲಿ ನನ್ನ ಎಚ್‌ಬಿಎ1ಸಿ 6.3 ಬಂದಿತ್ತು. 6.5ಕ್ಕೆ ಸಕ್ಕರೆ ಕಾಯಿಲೆ ಅಂತ ಹೇಳಿಬಿಡುತ್ತಾರೆ. ಹೊಸಿಲ ಮೇಲೆ ನಿಂತಿದ್ದೆ. ಡಾಕ್ಟರು ಅನ್ನ ಸಕ್ಕರೆ ಕಡಿಮೆ ಮಾಡಿ, ನಡೆಯಿರಿ ಅಂದರು. ಪೇಲಿಯೋ ನಾನೇ ಆರಿಸಿಕೊಂಡದ್ದು. ಆದಿಮಾನವ ವ್ಯವಸಾಯಕ್ಕೆ ಮೊದಲು ಏನು ತಿನ್ನುತ್ತಿದ್ದನೋ ಅದನ್ನು ತಿನ್ನುವುದು: ಮಾಂಸ, ಮೀನು, ಮೊಟ್ಟೆ, ಸೊಪ್ಪು, ತರಕಾರಿ, ಹಣ್ಣು, ಬಾದಾಮಿಯಂಥ ಬೀಜಗಳು. ಅಕ್ಕಿ, ರಾಗಿ, ಗೋಧಿ ಇಲ್ಲ. ಬೇಳೆಕಾಳು ಇಲ್ಲ. ಹಾಲು, ಮೊಸರು, ಸಕ್ಕರೆ, ಬೆಲ್ಲ ಇಲ್ಲ.

ಹೇಳುವುದಕ್ಕೆ ನಾಲ್ಕು ಸಾಲು. ತುಮಕೂರಿನ ಅಡುಗೆಮನೆಯಲ್ಲಿ ಅದನ್ನು ಮಾಡಿ ನೋಡಿದವರಿಗೇ ಗೊತ್ತು. ಮೊದಲನೇ ದಿನವೇ ಒಗ್ಗರಣೆಯಲ್ಲಿ ಸಿಕ್ಕಿಹಾಕಿಕೊಂಡೆ. ಎಣ್ಣೆ ಕಾಯಿಸಿ ಸಾಸಿವೆ ಹಾಕಿದೆ. ಕೈ ತಾನಾಗೇ ಉದ್ದಿನಬೇಳೆ ಡಬ್ಬಕ್ಕೆ ಹೋಯಿತು. ಮೂವತ್ತು ವರ್ಷದ ಕೈ, ಅದಕ್ಕೆ ಯಾರು ಹೇಳಬೇಕು? ಹುಳಿಪುಡಿಯಲ್ಲಿ ಕಡಲೆಬೇಳೆ, ಉದ್ದಿನಬೇಳೆ ಇದೆ ಅಂತ ಎರಡು ವಾರ ಆದಮೇಲೆ ಹೊಳೆಯಿತು. ಇಂಗಿನ ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನು ಓದಿ ನೋಡಿ. ಅಂಗಡಿಯಲ್ಲಿ ಸಿಗುವ ಬಹುಪಾಲು ಇಂಗಿಗೆ ಮೈದಾ ಅಥವಾ ಗೋಧಿ ಹಿಟ್ಟು ಬೆರೆಸಿರುತ್ತಾರೆ. ನಾಟಿ ಕೋಳಿ ಸಾರಾದರೂ ಸಲೀಸು ಅಂದುಕೊಂಡರೆ, ಮಸಾಲೆ ಗಟ್ಟಿಯಾಗಲಿ ಅಂತ ನಾವು ರುಬ್ಬುವುದು ಹುರಿಗಡಲೆ! ಅದೂ ಕಾಳೇ. ಕಡಲೆಕಾಯಿಯೂ ಕಾಳಿನ ಜಾತಿಯೇ, ಅದರ ಎಣ್ಣೆಯೂ ಹೋಯಿತು.

ಬಿಡಲಿಲ್ಲ ನಾನು. ಹುರಿಗಡಲೆ ಬದಲು ಗಸಗಸೆ, ತೆಂಗಿನಕಾಯಿ ಜಾಸ್ತಿ ಹಾಕಿ ರುಬ್ಬಿದೆ. ಧನಿಯ, ಮೆಣಸಿನಕಾಯಿ, ಮೆಣಸು, ಜೀರಿಗೆ ಮಾತ್ರ ಹುರಿದು ಬೇರೆ ಪುಡಿ ಮಾಡಿಟ್ಟೆ. ಕಲ್ಪತರು ನಾಡಿನಲ್ಲಿ ಹುಟ್ಟಿದವಳಿಗೆ ಕಾಯಿಗೆ ಬರವೇ? ಎಣ್ಣೆ ಕೊಬ್ಬರಿಯದು, ಮೊಸರಿನ ಜಾಗಕ್ಕೆ ಕಾಯಿಹಾಲು. ಬೆಳಿಗ್ಗೆ ಎರಡು ಮೊಟ್ಟೆ, ಜೊತೆಗೆ ಸಬ್ಬಸಿಗೆಯೋ ಮೆಂತ್ಯವೋ. ಮಧ್ಯಾಹ್ನ ಬದನೆಕಾಯಿ ಎಣ್ಣೆಗಾಯಿ, ಕಡಲೆಬೀಜ ಹಾಕದೆ ಎಳ್ಳು ಕೊಬ್ಬರಿ ತುಂಬಿ. ದಂಟು, ಗಣಿಕೆ, ಅಣ್ಣೆ ಸೊಪ್ಪು ಸಿಕ್ಕಿದ ದಿನ ಬೇಯಿಸಿ, ಬಸಿದ ನೀರಿಗೇ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಹುಣಸೆಹಣ್ಣು, ಕಾಯಿ ರುಬ್ಬಿ ಬಿಟ್ಟರೆ ಬೇಳೆ ಇಲ್ಲದ ಬಸ್ಸಾರು. ಬೇಳೆ ಹಾಕಿದ ರುಚಿ ಬರುವುದಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೂ ಚೆನ್ನಾಗಿರುತ್ತದೆ. ವಾರಕ್ಕೊಂದು ದಿನ ಕಾಲು ಸೂಪು, ಒಂದು ದಿನ ಕೆರೆ ಮೀನು.

ಮನೆಯಲ್ಲಿ ಉಳಿದವರಿಗೆ ಅನ್ನ, ಮುದ್ದೆ, ಚಪಾತಿ ಬೇರೆ ಆಗಬೇಕು. ದಿನಾ ಎರಡು ಅಡುಗೆ. ಮುದ್ದೆ ನಾನೇ ತೊಳಸುತ್ತೇನೆ, ನಾನೇ ಕಟ್ಟುತ್ತೇನೆ, ಉಣ್ಣುವುದಿಲ್ಲ. ಹದಿನಾಲ್ಕು ತಿಂಗಳು ಅಂದರೆ ನಾನೂರು ದಿನದ ಮೇಲಾಯಿತು. ಅದರಲ್ಲಿ ಹನ್ನೊಂದು ಸಲ ಪಥ್ಯ ತಪ್ಪಿದೆ, ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಉಳಿದ ದಿನಗಳನ್ನು ಒಬ್ಬರೂ ಕೇಳಲಿಲ್ಲ. ತಪ್ಪಿದ್ದು ಕಣ್ಣಿಗೆ ಬಿದ್ದಾಗ ಮಾತ್ರ ಎಲ್ಲರೂ ಮಾತಾಡಿದರು. ಸಂಬಂಧಿಕರ ಗೃಹಪ್ರವೇಶದಲ್ಲಿ ಅರ್ಧ ಒಬ್ಬಟ್ಟು ತಿಂದಾಗ "ಏನು, ಡಯಟ್ ಮುಗೀತಾ?" ಅಂತ ಪಂಕ್ತಿಯ ಆ ಕೊನೆಯಿಂದ ಕೂಗಿದರು. ಮೊನ್ನೆ ಸಂಕ್ರಾಂತಿಗೆ ಎಳ್ಳು ಬೆಲ್ಲ ಬಂತಲ್ಲ, ಅದರಲ್ಲಿ ನನಗೆ ನಡೆಯುವುದು ಎಳ್ಳು, ಕೊಬ್ಬರಿ ಎರಡೇ. ಕಡಲೆಬೀಜ, ಹುರಿಗಡಲೆ, ಬೆಲ್ಲ ಪಕ್ಕಕ್ಕೆ ಸರಿಸಿ ಕೂತಿದ್ದೆ. ಎದುರುಮನೆಯ ಮಗು ತಟ್ಟೆ ಹಿಡಿದು ನನ್ನ ಮುಖವನ್ನೇ ನೋಡುತ್ತಿತ್ತು. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡು ಅನ್ನುವ ಹಬ್ಬ. ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡೆ. ಅದೂ ಡೈರಿಯಲ್ಲಿದೆ.

ಈಗ ಯಾರಿಗೂ ಹೇಳದ ಒಂದು ವಿಷಯ ಹೇಳುತ್ತೇನೆ.

ಹೋದ ಯುಗಾದಿಗೆ ಹಗಲೆಲ್ಲ ನಿಂತು ಒಬ್ಬಟ್ಟು ಬೇಯಿಸಿದೆ. ಒಂದು ಚೂರೂ ಮುಟ್ಟಲಿಲ್ಲ. ಎಲ್ಲರೂ ಭೇಷ್ ಅಂದರು. ರಾತ್ರಿ ಹನ್ನೆರಡರ ಹೊತ್ತಿಗೆ ಎದ್ದು ಅಡುಗೆಮನೆಗೆ ಹೋದೆ. ಲೈಟು ಹಾಕಲಿಲ್ಲ. ಡಬ್ಬದಿಂದ ತಣ್ಣಗಿನ ಒಬ್ಬಟ್ಟು ತೆಗೆದು ನಿಂತುಕೊಂಡೇ ತಿಂದೆ. ಒಂದಲ್ಲ, ನಾಲ್ಕು. ರುಚಿ ಕೂಡ ಗೊತ್ತಾಗಲಿಲ್ಲ. ಮುಚ್ಚಳ ಸದ್ದಾಗಬಾರದು ಅನ್ನುವುದೊಂದೇ ತಲೆಯಲ್ಲಿತ್ತು. ಮಾರನೇ ದಿನ ಹೊಸತೊಡಕು. ಮಾಂಸದ ಹಬ್ಬ, ನನ್ನ ಪಥ್ಯಕ್ಕೆ ಹೇಳಿ ಮಾಡಿಸಿದ ದಿನ. ಆದರೆ ಅವತ್ತೂ ಕದ್ದು ಒಬ್ಬಟ್ಟು ತಿಂದೆ. ಹೇಗೂ ಕೆಟ್ಟೆನಲ್ಲ ಅನ್ನುವ ಹಠ. ಐದು ದಿನ ಹಾಗೇ ನಡೆಯಿತು.

ಅದಕ್ಕೆ ಹೋಲಿಸಿ, ಕಳೆದ ತಿಂಗಳು ಕೊರಟಗೆರೆ ಹತ್ತಿರ ನಮ್ಮೂರಿಗೆ ಹೋಗಿದ್ದೆ. ಅಮ್ಮ ರಾತ್ರಿಯೇ ಅವರೆಕಾಳು ನೆನೆಹಾಕಿದ್ದರು. ಬೆಳಿಗ್ಗೆ ಜಗುಲಿ ಮೇಲೆ ಇಬ್ಬರೂ ಹಿತಕುತ್ತಾ ಕೂತೆವು. ಹೆಬ್ಬೆರಳು, ತೋರುಬೆರಳ ನಡುವೆ ಕಾಳಿಟ್ಟು ಒತ್ತಿದರೆ ಬೇಳೆ ಪುಳಕ್ಕನೆ ಬಟ್ಟಲಿಗೆ ಹಾರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಒಂದು ಸೇರು ಕಾಳಿಗೆ ಗಂಟೆಗಟ್ಟಲೆ ಕೆಲಸ. ಉಗುರಿನ ಸಂದಿನಲ್ಲಿ ಸೊಗಡು ಸಂಜೆವರೆಗೂ ಹೋಗುವುದಿಲ್ಲ. ಮಧ್ಯಾಹ್ನ ಅಮ್ಮ ಎಸರಿಗೆ ಹಿಟ್ಟು ಸುರಿದು, ಬೇಯುವುದಕ್ಕೆ ಬಿಟ್ಟು, ಕೋಲು ಹಾಕಿ ತೊಳಸಿದರು. ಎಪ್ಪತ್ತಾರು ವರ್ಷ ಅವರಿಗೆ, ತೋಳು ನಡುಗುತ್ತದೆ. ಆದರೂ ಒಂದು ಗಂಟು ಇರಲಿಲ್ಲ. ಕೈ ಒದ್ದೆ ಮಾಡಿಕೊಂಡು ಕಟ್ಟಿ, ನನ್ನ ತಟ್ಟೆಗೆ ಇಟ್ಟು, ನಡುವೆ ಬೆರಳಿಂದ ಗುಳಿ ಮಾಡಿ ತುಪ್ಪ ಬಿಟ್ಟರು. "ಒಂದು ದಿನ ಉಣ್ಣೇ ತಾಯಿ" ಅಂದರು.

ಉಂಡೆ. ಕೂತು, ಬಿಸಿಬಿಸಿಯಾಗಿ, ಅಮ್ಮನ ಎದುರಿಗೇ. ಮಾರನೇ ದಿನ ಬೆಳಿಗ್ಗೆ ಮೊಟ್ಟೆ, ಸೊಪ್ಪು. ಒಬ್ಬಟ್ಟಿನ ಡಬ್ಬದ ಹತ್ತಿರ ಹೋಗುವ ಆಸೆಯೇ ಬರಲಿಲ್ಲ. ಕದ್ದು ತಿಂದದ್ದು ಐದು ದಿನ ಎಳೆಯಿತು, ಎಲ್ಲರ ಎದುರು ಉಂಡದ್ದು ಒಂದೇ ಊಟಕ್ಕೆ ಮುಗಿಯಿತು. ಈ ವ್ಯತ್ಯಾಸ ಸೋಮವಾರ ಮೇಷ್ಟ್ರ ಮೇಲೆ ರೇಗಿದವರಿಗೆ ಗೊತ್ತಿದೆಯಾ? ಮೇಷ್ಟ್ರು ಕದಿಯಲಿಲ್ಲ. ತಾವಾಗೇ ಬಂದು ಹೇಳಿದರು. ಹೇಳಿದ್ದಕ್ಕೆ ಬೈಸಿಕೊಂಡರು. ಇನ್ನೊಂದು ಸಲ ಹೇಳುತ್ತಾರಾ?

"ನಾಲ್ಕು ತಿಂಗಳು ಒಂದೇ ಮುದ್ದೆಗೆ ಹೋಯ್ತು" ಅನ್ನುವ ಮಾತೇ ತಪ್ಪು. ಎಚ್‌ಬಿಎ1ಸಿ ಹೆಚ್ಚುಕಡಿಮೆ ಮೂರು ತಿಂಗಳ ಸರಾಸರಿ ತೋರಿಸುತ್ತದೆ. ನಮ್ಮ ರಕ್ತದ ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ, ಅದಕ್ಕೆ ಅಂಟಿದ ಸಕ್ಕರೆಯ ಲೆಕ್ಕ ಅದು. ಮುದ್ದೆ ಉಂಡರೆ ಅವತ್ತು ಸಕ್ಕರೆ ಏರುತ್ತದೆ, ನಿಜ. ಮೂರು ತಿಂಗಳ ಸರಾಸರಿಯನ್ನು ಒಂದು ಮುದ್ದೆ ಅಳಿಸಿ ಹಾಕುವುದಿಲ್ಲ. ಹನ್ನೊಂದು ಸಲ ತಪ್ಪಿಯೂ ನಂದು 5.8ಕ್ಕೆ ಬಂದಿದೆ. ಮೇಷ್ಟ್ರಿಗೆ ಈ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಇನ್ನು ಈ ಶಿಲಾಯುಗದ ಶುದ್ಧಿಯ ವಿಷಯ. ಈ ಊಟದ ಮಾತನ್ನು ಡಾಕ್ಟರುಗಳ ನಡುವೆ ದೊಡ್ಡದಾಗಿ ಎತ್ತಿದವರು ಅಮೆರಿಕದ ಬಾಯ್ಡ್ ಈಟನ್, ಮೆಲ್ವಿನ್ ಕೊನ್ನರ್. 1985ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬರೆದರು. ಅಂದರೆ ಈ ಲೆಕ್ಕಾಚಾರ ಹೆಸರು ಮಾಡಿ ಸುಮಾರು ನಲವತ್ತು ವರ್ಷ ಅಷ್ಟೇ. ಆಮೇಲೆ 2018ರಲ್ಲಿ ಜೋರ್ಡಾನ್ ದೇಶದಲ್ಲಿ ಸುಮಾರು 14,400 ವರ್ಷ ಹಳೆಯ ಒಲೆಯಲ್ಲಿ ಸುಟ್ಟ ರೊಟ್ಟಿಯ ಚೂರು ಸಿಕ್ಕಿದ್ದು ವರದಿಯಾಯಿತು. ಬೇಟೆಯಾಡಿ ಬದುಕುತ್ತಿದ್ದ ಜನರ ಒಲೆ ಅದು, ವ್ಯವಸಾಯಕ್ಕಿಂತ ಸಾವಿರಾರು ವರ್ಷ ಹಿಂದಿನದು. ಅವರೂ ಕಾಡುಧಾನ್ಯ ಕುಟ್ಟಿ ರೊಟ್ಟಿ ಸುಟ್ಟರು. ನಮ್ಮ ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ಹೊಸ ಶಿಲಾಯುಗದವರು ಹುರುಳಿ, ಹೆಸರು, ಕೊರಲೆ ಅನ್ನುವ ಸಿರಿಧಾನ್ಯ ತಿನ್ನುತ್ತಿದ್ದರು. ಅದೇ ಕೊರಲೆಯನ್ನು ನಮ್ಮ ಜಿಲ್ಲೆಯಲ್ಲಿ ಈಗಲೂ ಬೆಳೆಯುತ್ತಾರೆ. ನಾನು ದಿನಾ ಹಾಕುವ ಮೆಣಸಿನಕಾಯಿ, ಟೊಮೆಟೊ ಎರಡೂ ಅಮೆರಿಕ ಖಂಡದ ಗಿಡಗಳು. ಪೋರ್ಚುಗೀಸರು ಬರುವ ಮೊದಲು ಈ ಸೀಮೆಯಲ್ಲಿ ಮೆಣಸಿನಕಾಯಿಯೇ ಇರಲಿಲ್ಲ. ಅದನ್ನು ತಿಂದರೆ ಯಾರೂ ಮೋಸ ಅನ್ನುವುದಿಲ್ಲ. ಪೇಲಿಯೋದಿಂದ ನನಗೆ ಒಳ್ಳೆಯದಾಗಿದೆ, ಮುಂದೆಯೂ ಮಾಡುತ್ತೇನೆ. ಆದರೆ ಅದು ನಾನು ಹಿಡಿದ ಪಥ್ಯ, ದೇವರ ಮುಂದೆ ಮಾಡಿದ ಆಣೆ ಅಲ್ಲ.

ಶಿಸ್ತು ಬೇಡವಾ ಅಂತ ಕೇಳುವವರಿದ್ದಾರೆ. ಒಂದು ಮುದ್ದೆಗೆ ಬಿಟ್ಟರೆ ನಾಳೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ, ನಾಡಿದ್ದು ಮೈಸೂರು ಪಾಕು ಅಂತಾರೆ. ಅವರ ಭಯ ನನಗೆ ಅರ್ಥವಾಗುತ್ತದೆ. ಕ್ಯಾತ್ಸಂದ್ರದಲ್ಲಿ ಬಸ್ಸು ನಿಂತಾಗ ನನಗೂ ಕಷ್ಟವಾಗುತ್ತದೆ. ಡೈರಿಯ ಹನ್ನೊಂದರಲ್ಲಿ ಎರಡು ಅಲ್ಲಿನದೇ. ಕಾಯಿಲೆ ಜೋರಾಗಿರುವವರು ಗಟ್ಟಿಯಾಗಿಯೇ ಇರಬೇಕು. ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಡಾಕ್ಟರನ್ನು ಕೇಳದೆ ಅನ್ನ ಮುದ್ದೆ ಬಿಡಲೂಬಾರದು, ಸಕ್ಕರೆ ತೀರಾ ಇಳಿದುಬಿಡಬಹುದು. ಇಷ್ಟೆಲ್ಲ ಒಪ್ಪುತ್ತೇನೆ. ಆದರೆ ಎಪ್ಪತ್ತು ದಾಟಿದ ಮನುಷ್ಯನನ್ನು ಆರು ಜನರ ಮುಂದೆ ತಲೆ ತಗ್ಗಿಸುವಂತೆ ಮಾಡುವುದು ಯಾವ ಶಿಸ್ತು? ನಾಲ್ಕು ತಿಂಗಳು ಬಾಯಿ ಕಟ್ಟಿದ್ದು ಅವರೇ ಅಲ್ವಾ? ಬೆಳಿಗ್ಗೆ ಆರಕ್ಕೆ ಚಳಿಯಲ್ಲಿ ಮಫ್ಲರ್ ಸುತ್ತಿಕೊಂಡು ಮೊದಲು ಬಂದು ನಿಲ್ಲುತ್ತಿದ್ದದ್ದು ಅವರೇ ಅಲ್ವಾ?

ನಿಲ್ಲುತ್ತಿದ್ದದ್ದು ಅಂದೆ. ಮಂಗಳವಾರ ಮೇಷ್ಟ್ರು ವಾಕಿಂಗ್‌ಗೆ ಬರಲಿಲ್ಲ. ಬುಧವಾರವೂ ಇಲ್ಲ, ಇವತ್ತೂ ಇಲ್ಲ. ಫೋನ್ ಮಾಡಿದೆ. "ಮಂಡಿ ನೋವು ಮೇಡಂ" ಅಂದರು. ಮಂಡಿ ನೋವು ಇದ್ದರೂ ಇಷ್ಟು ದಿನ ಬರುತ್ತಿದ್ದರು.

ಸಂಜೆ ಅವರ ಮನೆಗೆ ಹೋಗುತ್ತಿದ್ದೇನೆ. ಗಸಗಸೆ ಹಾಕಿದ ನಾಟಿ ಕೋಳಿ ಸಾರು ಒಂದು ಡಬ್ಬಿಗೆ ತುಂಬಿಟ್ಟಿದ್ದೇನೆ. ಸೋಮವಾರ ಸುಮ್ಮನಿದ್ದದ್ದಕ್ಕೆ ಅವರ ಹತ್ತಿರ ಕ್ಷಮೆ ಕೇಳಬೇಕು. ನಾಳೆ ಆರು ಗಂಟೆಗೆ ಅವರ ಗೇಟಿನ ಹತ್ತಿರವೇ ಬಂದು ನಿಲ್ಲುತ್ತೇನೆ ಅಂತಲೂ ಹೇಳಬೇಕು.