ಸ್ಪಷ್ಟನೆ: ಕ್ಯೂಬೇಸಿಕ್ ಫಂಕ್ಷನ್‌ಗೆ ‘ರಿಟರ್ನ್’ ಬೇಡ

ಕ್ಯೂಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಫಂಕ್ಷನ್ ಎಂದರೆ ಲೆಕ್ಕ ಮಾಡಿ ಉತ್ತರ ಕೊಡುವ ಪ್ರೋಗ್ರಾಂ ತುಣುಕು. ‘ಕ್ಯೂಬೇಸಿಕ್ ಫಂಕ್ಷನ್‌ನ ಉತ್ತರವನ್ನು ರಿಟರ್ನ್ ಬರೆದೇ ಕಳಿಸಬೇಕು’ ಎಂಬ ಟಿಪ್ಪಣಿ ಬೆಂಗಳೂರಿನ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಅದು ತಪ್ಪು. ಕ್ಯೂಬೇಸಿಕ್‌ನಲ್ಲಿ ರಿಟರ್ನ್ ಇರುವುದು ಗೋಸಬ್‌ನಿಂದ (ಪ್ರೋಗ್ರಾಂನ ಇನ್ನೊಂದು ಭಾಗಕ್ಕೆ ಜಿಗಿಸುವ ಆದೇಶ) ಮರಳಲು. ಉತ್ತರವನ್ನು ಫಂಕ್ಷನ್‌ನ ಹೆಸರಿಗೇ ಕೊಡಬೇಕು (ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲಿ):

ಫಂಕ್ಷನ್ ಏರಿಯಾ (ಎಲ್, ಬಿ)
ಏರಿಯಾ = ಎಲ್ * ಬಿ
ಎಂಡ್ ಫಂಕ್ಷನ್

‘ಪ್ರಿಂಟ್ ಏರಿಯಾ(30, 40)’ ಎಂದರೆ 1200 ಬರುತ್ತದೆ, ನಮ್ಮೂರಿನ ಥರ್ಟಿ-ಫಾರ್ಟಿ ಸೈಟಿನ ಲೆಕ್ಕವೇ. ನಡುವಿನ ಸಾಲು ಬಿಟ್ಟರೆ ಎರರ್ ತೋರಿಸದೆ ಸುಮ್ಮನೆ 0 ಕೊಡುತ್ತದೆ. ತಪ್ಪು ಹುಡುಕಿ ಸುಸ್ತಾಗುವುದು ಇಲ್ಲೇ. ವಿಬಿ ಡಾಟ್ ನೆಟ್ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ರಿಟರ್ನ್ ನಡೆಯುತ್ತದೆ, ಬಹುಶಃ ಗೊಂದಲ ಅಲ್ಲಿಂದ ಬಂದಿದೆ. ಕ್ಯೂಬೇಸಿಕ್‌ನಲ್ಲಿ ‘ಫಂಕ್ಷನ್’ ಪದದ ಮೇಲೆ ಕರ್ಸರ್ ಇಟ್ಟು ಎಫ್1 ಒತ್ತಿ, ಹೆಲ್ಪ್ ಪುಟದಲ್ಲೇ ಸಿಗುತ್ತದೆ. ಆ ಟಿಪ್ಪಣಿಯನ್ನು ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ.