ಎಲ್ಲರ ಮನೆ ದೋಸ್ಯೇನೂ ತೂತೇ

ಫ್ರೆಂಚರು ಫೈಲಿಗೆ 'ದೋಸ್ಯೇ' ಅನ್ನುತ್ತಾರೆ. ನಮ್ಮ ಕಿವಿಗೆ ದೋಸೆ ಅಂತಲೇ ಕೇಳಿಸುತ್ತದೆ. ಕೇಳಿಸಲಿ ಬಿಡಿ, ತಪ್ಪೇನಿಲ್ಲ. ಅದೂ ತೂತೇ. ಎಷ್ಟು ದಪ್ಪಗೆ ಹುಯ್ದರೂ, ಎಷ್ಟು ಜೆರಾಕ್ಸ್ ಸುರಿದರೂ, ಕೌಂಟರಿನ ಆಚೆ ಕೂತವರು ಹಾಳೆ ತಿರುವುತ್ತಾ ತಿರುವುತ್ತಾ ಒಂದು ತೂತು ಹುಡುಕಿಯೇ ಹುಡುಕುತ್ತಾರೆ. "ಒಂದು ಕಾಗದ ಕಮ್ಮಿ ಇದೆ, ಮೊಸ್ಯೂ."

ಮೊಸ್ಯೂ ಅಂದರೆ ಫ್ರೆಂಚಿನಲ್ಲಿ ಸ್ವಾಮಿ ಅಂತ. ಈ ಮೊಸ್ಯೂ ನಮಗೆ ಹಳೇ ಪರಿಚಯ. ಬ್ರಿಟಿಷ್ ದೊರೆ. ಇಂಗ್ಲೆಂಡಿನ ಮಳೆ ಸಾಕಾಗಿ, ಅಲ್ಲಿನ ಮನೆ ಮಾರಿ, ಆ ದುಡ್ಡಿನಲ್ಲಿ ನೈಋತ್ಯ ಫ್ರಾನ್ಸಿನ ದೋರ್ದೋನ್ ಸೀಮೆಯಲ್ಲಿ ಒಂದು ಹಳೇ ಕಲ್ಲಿನ ಮನೆ ಕೊಂಡಿದ್ದಾರೆ. ದೊರೆಸಾನಿಯೂ ಜೊತೆಗಿದ್ದಾರೆ. ಆ ಸೀಮೆಗೆ ಬ್ರಿಟಿಷರು ಎಷ್ಟು ಮುತ್ತಿದ್ದಾರೆ ಅಂದರೆ ಅವರ ಊರಿನವರೇ ಅದನ್ನು ತಮಾಷೆಗೆ 'ದೋರ್ದೋನ್‌ಶೈರ್' ಅನ್ನುತ್ತಾರೆ. ಅಲ್ಲಿನ ಏಮೆ ಎಂಬ ಪುಟ್ಟ ಊರಿನಲ್ಲಿ ಕ್ರಿಕೆಟ್ ಕ್ಲಬ್ ಕೂಡ ಇದೆ. ಇಡೀ ಫ್ರಾನ್ಸಿನಲ್ಲಿ ಸುಮಾರು ಒಂದೂವರೆ ಲಕ್ಷ ಬ್ರಿಟಿಷರಿದ್ದಾರೆ. ನಾನು ಹೇಳುತ್ತಿರುವ ದೊರೆ ಅವರಲ್ಲಿ ಯಾರೋ ಒಬ್ಬರಲ್ಲ. ಎಲ್ಲರನ್ನೂ ನೆನೆಹಾಕಿ, ರುಬ್ಬಿ, ಹುಯ್ದ ದೊರೆ.

ಒಂದು ಮಾತು ಮರೆತೆ. ನಮ್ಮವರು ಲಂಡನ್ನಿಗೆ ಹೋಗಿ ನೆಲೆಸಿದರೆ ವಲಸಿಗರು. ದೊರೆ ಫ್ರಾನ್ಸಿಗೆ ಹೋಗಿ ನೆಲೆಸಿದರೆ ಎಕ್ಸ್‌ಪ್ಯಾಟ್. ಈ ವ್ಯತ್ಯಾಸ ದೊರೆಗೆ ಚೆನ್ನಾಗಿ ಗೊತ್ತು. ಕೌಂಟರಿಗೆ ಇನ್ನೂ ಯಾರೂ ತಿಳಿಸಿಲ್ಲ.

ಫ್ರಾನ್ಸಿನಲ್ಲಿ ಮನುಷ್ಯ ಇದ್ದಾನೆ ಅನ್ನುವುದಕ್ಕೆ ಅವನ ಮುಖ ಸಾಕ್ಷಿಯಲ್ಲ, ಪಾಸ್‌ಪೋರ್ಟೂ ಪೂರ್ತಿ ಸಾಕ್ಷಿಯಲ್ಲ. ಕರೆಂಟ್ ಬಿಲ್ ಬೇಕು. ಅದೂ ಮೂರು ತಿಂಗಳ ಒಳಗಿನ ಬಿಸಿಬಿಸಿ ಬಿಲ್. ಬ್ಯಾಂಕ್ ಖಾತೆ ತೆರೆಯಲು ಹೋದರೆ ಮೊದಲು ಕರೆಂಟ್ ಬಿಲ್ ತನ್ನಿ ಅಂದರು. ಕರೆಂಟ್ ಕೊಡಿ ಅಂತ ಫೋನ್ ಮಾಡಿದರೆ ಮೊದಲು ಬ್ಯಾಂಕ್ ಖಾತೆ ನಂಬರ್ ಹೇಳಿ ಅಂದರು. ಹುಚ್ಚು ಬಿಟ್ಟ ಹೊರತು ಮದುವೆ ಆಗೋದಿಲ್ಲ, ಮದುವೆ ಆದ ಹೊರತು ಹುಚ್ಚು ಬಿಡೋದಿಲ್ಲ. ದೊರೆ ಎರಡು ವಾರ ಮೇಣದ ಬತ್ತಿ ಹಚ್ಚಿಕೊಂಡು ಕೂತರು. ಮೊದಲ ಎರಡು ದಿನ ದೊರೆಸಾನಿಗೆ ಅದು ರೊಮ್ಯಾಂಟಿಕ್ ಅನಿಸಿತಂತೆ.

ಕೊನೆಗೆ ಹೇಗೋ ಕರೆಂಟ್ ಬಂತು, ಬಿಲ್ಲೂ ಬಂತು. ಬಿಲ್ ಬಂದಾಗ ಯಾರಾದರೂ ಇಷ್ಟು ಕುಣಿದಿದ್ದನ್ನು ನೋಡಿದ್ದೀರಾ? ದೊರೆ ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿದರು. ಆಮೇಲೆ ಗೊತ್ತಾಯಿತು, ಬಿಲ್ ಮೇಲೆ ಇರುವುದು ದೊರೆಯ ಹೆಸರು ಮಾತ್ರ. ಅಂದರೆ ದೊರೆ ಇದ್ದಾರೆ, ದೊರೆಸಾನಿ ಇಲ್ಲ. ಅದೇ ಮನೆಯಲ್ಲಿ ಉಂಡು ಮಲಗುತ್ತಿರುವ, ಅದೇ ಕರೆಂಟಿನಲ್ಲಿ ದಿನಕ್ಕೆ ಎಂಟು ಸಲ ಟೀ ಕಾಯಿಸುತ್ತಿರುವ ಹೆಂಗಸು ಕಾಗದದ ಮಟ್ಟಿಗೆ ಗಾಳಿ.

ಸರಿ, ಹೆಂಡತಿಯ ಹೆಸರೂ ಸೇರಿಸಿ ಅಂದರು ದೊರೆ. ಹೆಸರು ಹೇಳಿ ಅಂದರು. ಹೇಳಿದರು. "ಇದು ನಿಮ್ಮ ಹೆಸರಲ್ಲವಾ ಮೊಸ್ಯೂ? ಅವರ ಹೆಸರು ಹೇಳಿ."

ಇಲ್ಲಿ ಒಂದು ಸ್ವಲ್ಪ ಚರಿತ್ರೆ ಹೇಳಬೇಕು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, 1794ರ ಆಗಸ್ಟ್ 23ರಂದು, ಅಲ್ಲೊಂದು ಕಾನೂನು ಬಂತು. ಜನನ ಪತ್ರದಲ್ಲಿ ಇರುವ ಹೆಸರು ಬಿಟ್ಟು ಬೇರೆ ಹೆಸರು ಯಾರೂ ಇಟ್ಟುಕೊಳ್ಳುವ ಹಾಗಿಲ್ಲ. ಕ್ರಾಂತಿಯ ನಾಯಕ ರೋಬ್‌ಸ್ಪಿಯರ್‌ನ ತಲೆ ಉರುಳಿ ಆಗ ಒಂದು ತಿಂಗಳೂ ಆಗಿರಲಿಲ್ಲ. ಆಮೇಲೆ ಚಕ್ರವರ್ತಿಗಳು ಬಂದು ಹೋದರು, ರಾಜರು ಬಂದು ಹೋದರು, ಐದನೇ ಗಣರಾಜ್ಯ ನಡೆಯುತ್ತಿದೆ. ಆ ಕಾನೂನು ಮಾತ್ರ ಕಲ್ಲುಗುಂಡಿನ ಹಾಗೆ ಕೂತಿದೆ. ಫ್ರಾನ್ಸಿನಲ್ಲಿ ಮದುವೆಯಾದ ಹೆಂಗಸು ದಿನಬಳಕೆಗೆ ಗಂಡನ ಹೆಸರು ಹಾಕಿಕೊಳ್ಳಬಹುದು. ಸರ್ಕಾರಕ್ಕೆ ಮಾತ್ರ ಅವಳು ಸಾಯುವ ತನಕ ತವರಿನ ಹೆಸರಿನವಳೇ. (ನಿಜ ಹೇಳಬೇಕೆಂದರೆ ನನಗೆ ಈ ಕಾನೂನು ಇಷ್ಟ. ಆದರೆ ಇದು ವಿಡಂಬನೆ, ಮೆಚ್ಚುವ ಹಾಗಿಲ್ಲ.)

ಹೀಗಾಗಿ ನಲವತ್ತು ವರ್ಷ ಹಿಂದೆ ಬಿಟ್ಟು ಬಂದ ತವರಿನ ಹೆಸರು ದೊರೆಸಾನಿಯನ್ನು ಹುಡುಕಿಕೊಂಡು ಬಂತು. ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು, ಜನನ ಪತ್ರದಲ್ಲಿ ಅಪ್ಪನ ಹೆಸರು. ಎರಡೂ ಒಬ್ಬಳೇ ಹೆಂಗಸು ಅನ್ನುವುದಕ್ಕೆ ಮದುವೆ ಪತ್ರ. ಅದನ್ನು ಕೋರ್ಟಿನಲ್ಲಿ ಪ್ರಮಾಣ ಮಾಡಿದ ಅನುವಾದಕರೇ ಫ್ರೆಂಚಿಗೆ ತರಬೇಕು. ಜಾನ್ ಎಂಬ ಹೆಸರನ್ನು ಫ್ರೆಂಚಿಗೆ ತಂದರೆ ಜಾನ್ ಎಂದೇ ಬರುತ್ತದೆ. ಸೀಲು ಬೇರೆ, ಫೀಸು ಬೇರೆ.

ಜನನ ಪತ್ರದ ಕಥೆ ಇನ್ನೂ ಚೆನ್ನಾಗಿದೆ. ಫ್ರಾನ್ಸಿನಲ್ಲಿ ಜನನ ಪತ್ರ ಅಂದರೆ ನಡೆಯುತ್ತಲೇ ಇರುವ ಧಾರಾವಾಹಿ. ಮದುವೆಯಾದರೆ ಅಂಚಿನಲ್ಲಿ ಬರೆಯುತ್ತಾರೆ, ಡೈವೋರ್ಸ್ ಆದರೆ ಅದನ್ನೂ ಬರೆಯುತ್ತಾರೆ. ಅದಕ್ಕೇ ಹೊಸ ಪ್ರತಿ ಕೇಳುತ್ತಾರೆ, ಕೆಲವು ತಿಂಗಳ ಒಳಗಿನದು. ಬ್ರಿಟನ್ನಿನಲ್ಲಿ ಹಾಗಲ್ಲ. ಹುಟ್ಟಿದ್ದನ್ನು ಒಂದು ಸಲ ಬರೆದರೆ ಮುಗೀತು. ದೊರೆ ಹುಟ್ಟಿದ್ದು 1955ರಲ್ಲಿ, ಪತ್ರವೂ 1955ರದ್ದು. "ಇದು ಹಳೇದು, ಹೊಸದು ತನ್ನಿ" ಅಂದರು. "ನಾನು ಇತ್ತೀಚೆಗೆ ಹುಟ್ಟಿಲ್ಲ" ಅಂದರು ದೊರೆ. ಅವರಿಗೆ ಅದು ಜೋಕು. ಕೌಂಟರಿನಲ್ಲಿ ಯಾರೂ ನಗಲಿಲ್ಲ. ಇಂಗ್ಲೆಂಡಿಗೆ ಬರೆದು, ದುಡ್ಡು ಕಟ್ಟಿ, ಅದೇ ಅಕ್ಷರ ಇರುವ ಹೊಸ ಕಾಗದ ತರಿಸಿದರು. ಅವಸರದಲ್ಲಿ ಚಿಕ್ಕ ನಮೂನೆಯದು ತರಿಸಿಬಿಟ್ಟಿದ್ದರು. ಅದರಲ್ಲಿ ಅಪ್ಪ ಅಮ್ಮನ ಹೆಸರು ಇರುವುದಿಲ್ಲ. ತೂತು.

ಊರಿನ ಪಂಚಾಯ್ತಿ ಕಚೇರಿಗೆ ಫ್ರೆಂಚಿನಲ್ಲಿ 'ಮೇರಿ' ಅನ್ನುತ್ತಾರೆ. ದೊರೆ ವಾರಕ್ಕೆರಡು ಸಲ ಮೇರಿ ಹತ್ತಿರ ಹೋಗುತ್ತಾರೆ ಅಂದರೆ ನೀವು ತಪ್ಪು ತಿಳಿಯಬಾರದು. ವಾರಕ್ಕೆರಡೇ ಸಲ ಯಾಕೆ ಅಂದರೆ ಆ ಮೇರಿ ಬಾಗಿಲು ತೆರೆಯುವುದೇ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಬೆಳಿಗ್ಗೆ. ಫ್ರಾನ್ಸಿನಲ್ಲಿ ಇಂಥ ಕಮ್ಯೂನುಗಳು, ಅಂದರೆ ಪಂಚಾಯ್ತಿಗಳು, ಸುಮಾರು 35,000 ಇವೆ. ಅರ್ಧಕ್ಕಿಂತ ಜಾಸ್ತಿ ಕಡೆ ಐನೂರು ಜನವೂ ಇಲ್ಲ. ಆದರೂ ಪ್ರತಿಯೊಂದಕ್ಕೂ ಒಬ್ಬ ಮೇಯರ್, ಒಂದು ಬಾವುಟ, ಮಧ್ಯಾಹ್ನ ಹನ್ನೆರಡಕ್ಕೆ ಕೆಳಗಿಳಿಯುವ ಒಂದು ಷಟರ್. ಹನ್ನೆರಡರಿಂದ ಎರಡರವರೆಗೆ ಫ್ರಾನ್ಸ್ ಊಟ ಮಾಡುತ್ತದೆ. ಆ ಹೊತ್ತಿನಲ್ಲಿ ಹಳ್ಳಿಯಲ್ಲಿ ಏನಾದರೂ ಕೆಲಸ ಆಗುತ್ತದೆ ಅಂದುಕೊಂಡವನು ಹೊಸಬ.

ಒಂದು ಕಾಲದಲ್ಲಿ ಈ ಹಳ್ಳಿಗಳ ಕೌನ್ಸಿಲ್‌ಗಳಲ್ಲೇ ಏಳುನೂರಕ್ಕೂ ಹೆಚ್ಚು ಬ್ರಿಟಿಷರು ಸದಸ್ಯರಾಗಿ ಕೂತಿದ್ದರು. ಯೂರೋಪಿಯನ್ ಒಕ್ಕೂಟದವರಿಗೆ ಆ ಹಕ್ಕು ಇದೆ. 2020ರಲ್ಲಿ ಬ್ರೆಕ್ಸಿಟ್ ಆಯಿತು, ಕುರ್ಚಿ ಹೋಯಿತು. ಯೂರೋಪಿನ ಆಫೀಸರುಗಳ ಕಾಟ, ಫಾರಂಗಳ ಕಾಟ ಸಾಕಪ್ಪಾ ಸಾಕು ಅಂತ 2016ರ ಜೂನ್ 23ರಂದು ಬ್ರಿಟನ್ ವೋಟು ಹಾಕಿದ್ದು ನೆನಪಿದೆಯಲ್ಲ? ನಮ್ಮ ದೊರೆ ಯಾವ ಕಡೆ ಒತ್ತಿದರು ಅಂತ ಕೇಳಿ ನೋಡಿ. ಹವಾಮಾನದ ಮಾತು ತೆಗೆಯುತ್ತಾರೆ.

ಈಗ ದೊರೆಗೆ ವೀಸಾ ಬೇಕು. ಸಾಕಷ್ಟು ಆದಾಯ ಇದೆ ಅಂತ ತೋರಿಸಬೇಕು. ಫ್ರಾನ್ಸಿನಲ್ಲಿ ಕೆಲಸ ಮಾಡುವುದಿಲ್ಲ ಅಂತ ಬರೆದುಕೊಡಬೇಕು. ಹಾಗೆ ಬರೆದುಕೊಟ್ಟ ದಿನದಿಂದ ದೊರೆಗೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ದೋಸ್ಯೇ ಕೆಲಸ. ಸಂಬಳ ಇಲ್ಲ, ಹಾಗಾಗಿ ನಿಯಮ ಮುರಿದ ಹಾಗೂ ಆಗಿಲ್ಲ. ಬೇಸಿಗೆ ಮನೆ ಇಟ್ಟುಕೊಂಡು ಹೋಗಿ ಬಂದು ಮಾಡುವವರಿಗೆ ಯಾವುದೇ 180 ದಿನದಲ್ಲಿ 90 ದಿನ ಮಾತ್ರ. ಅವರಿಗೆ ಸ್ವಲ್ಪ ಸಡಿಲ ಮಾಡೋಣ ಅಂತ ಫ್ರೆಂಚ್ ಸೆನೆಟ್ಟಿನಿಂದ ಒಂದು ತಿದ್ದುಪಡಿ ಬಂದಿತ್ತು. 2024ರ ಜನವರಿಯಲ್ಲಿ ಅಲ್ಲಿನ ಸಂವಿಧಾನ ಮಂಡಳಿ ಅದನ್ನು ಹೊಡೆದುಹಾಕಿತು. ಟ್ರೂ ಕಾಪಿ ಅಟೆಸ್ಟ್ ಮಾಡಿಸಿಕೊಂಡು ಬಾ ಅಂತ ನಮಗೆ ಕಲಿಸಿದವರ ಮೊಮ್ಮಕ್ಕಳು ಈಗ ಪಾಸ್‌ಪೋರ್ಟಿನ ಸೀಲು ನೋಡುತ್ತಾ ಬೆರಳು ಮಡಚಿ ದಿನ ಎಣಿಸುತ್ತಿದ್ದಾರೆ. ಅಡುಗೆಮನೆ ನೆನೆಸಿಕೊಂಡರೆ ಇನ್ನೂ ಸಂಕಟ. 2021ರಿಂದ ಬ್ರಿಟನ್ನಿನ ಬೇಕನ್, ಚೆಡ್ಡರ್ ಚೀಸು ಚೀಲದಲ್ಲಿ ಹಾಕಿಕೊಂಡು ಗಡಿ ದಾಟುವ ಹಾಗಿಲ್ಲ. ಮಗಳು ಕ್ರಿಸ್‌ಮಸ್‌ಗೆ ಬರುವಾಗ ಏನು ತರಲಿ ಅಂತ ಕೇಳಿದರೆ ದೊರೆಸಾನಿ ದನಿ ತಗ್ಗಿಸುತ್ತಾರೆ. ಚೀಸಿನ ಮಾತು, ಗಾಂಜಾ ಮಾತಾಡುವ ಗತ್ತು.

ಮೌನಂ ಸಮ್ಮತಿ ಲಕ್ಷಣಂ ಅಂತ ನಮ್ಮ ಕಡೆ ಹೆಣ್ಣು ನೋಡಲು ಹೋದಾಗ ಹೇಳುತ್ತಾರೆ. ಫ್ರಾನ್ಸ್ 2013ರಲ್ಲಿ ಇದನ್ನೇ ಕಾನೂನು ಮಾಡಿತು. ಅರ್ಜಿ ಹಾಕಿ ಎರಡು ತಿಂಗಳಾದರೂ ಕಚೇರಿ ಬಾಯಿ ಬಿಡದಿದ್ದರೆ ಒಪ್ಪಿದೆ ಅಂತಲೇ ಲೆಕ್ಕ. ಎಂಥ ದೊಡ್ಡ ಮನಸ್ಸು! ಆಮೇಲೆ ಇವಕ್ಕೆಲ್ಲ ಇದು ಅನ್ವಯಿಸುವುದಿಲ್ಲ ಅಂತ ಒಂದು ಪಟ್ಟಿ ಬಂತು. ಪಟ್ಟಿ ಹನುಮಂತನ ಬಾಲದ ಹಾಗೆ ಬೆಳೆಯಿತು. ದೊರೆಯ ವಾಸದ ಪರವಾನಗಿ ಆ ಬಾಲದಲ್ಲಿ ಸಿಕ್ಕಿಕೊಂಡಿದೆ. ಅದಕ್ಕೆ ನಾಲ್ಕು ತಿಂಗಳು ಉತ್ತರ ಬರದಿದ್ದರೆ ಇಲ್ಲ ಅಂತ ಅರ್ಥ. ಅಂದರೆ ಒಂದೇ ಸರ್ಕಾರ, ಒಂದೇ ಮೌನ. ಮನೆಗೆ ಬಂದು ಅರ್ಥ ಹುಡುಕಿಕೊಳ್ಳಬೇಕು.

ಫಾರಂಗಳಿಗೆ ಅಲ್ಲಿ 'ಸೆರ್ಫಾ' ಅನ್ನುತ್ತಾರೆ. ಅದು 1960ರ ದಶಕದಲ್ಲಿ ಹುಟ್ಟಿದ ಒಂದು ಕಚೇರಿಯ ಹೆಸರಿನ ಮೊದಲಕ್ಷರಗಳು. ಆ ಕಚೇರಿಯ ಕೆಲಸ ಫಾರಂಗಳನ್ನು ಪರಿಶೀಲಿಸಿ ಸರಳ ಮಾಡುವುದು. ಈಗ ಕಚೇರಿ ಇಲ್ಲ. ಫಾರಂಗಳಿವೆ.

ಇನ್ನು ಡಾಕ್ಟರು. ದೊರೆಗೆ ಆರೋಗ್ಯ ವಿಮೆಯ 15 ಅಂಕಿಯ ನಂಬರ್ ಬಂತು. ಫ್ರೆಂಚರಿಗೆ ಅದರ ನಡುವೆ ಹುಟ್ಟಿದ ಜಿಲ್ಲೆಯ ಅಂಕಿ ಇರುತ್ತದೆ. ದೊರೆಗೆ 99, ಅಂದರೆ ಹೊರದೇಶ, ಆಮೇಲೆ 132, ಅಂದರೆ ಬ್ರಿಟನ್. ಮೂವತ್ತು ವರ್ಷ ಅಲ್ಲೇ ಇದ್ದು ಫ್ರೆಂಚಿನಲ್ಲೇ ಕನಸು ಕಂಡರೂ ಆ 99 ಹೋಗುವುದಿಲ್ಲ. ಪರವಾಗಿಲ್ಲ, ನಂಬರ್ ಬಂತಲ್ಲ. ಈಗ ಊರಿನ ಒಬ್ಬ ಡಾಕ್ಟರನ್ನು 'ನನ್ನ ಡಾಕ್ಟರು' ಅಂತ ನೋಂದಾಯಿಸಬೇಕು. ಫೀಸು 30 ಯೂರೋ. ನೋಂದಾಯಿಸಿದ್ದರೆ 70% ಲೆಕ್ಕ ಹಿಡಿದು, 2 ಯೂರೋ ಮುರಿದುಕೊಂಡು, 19 ಯೂರೋ ವಾಪಸ್ ಕೊಡುತ್ತಾರೆ. ನೋಂದಾಯಿಸಿರದಿದ್ದರೆ 7 ಯೂರೋ. ಇದು ಶಿಸ್ತು ಕಲಿಸುವ ದಂಡ. ತೊಂದರೆ ಏನಪ್ಪಾ ಅಂದರೆ ಹಳ್ಳಿಗಳಲ್ಲಿ ಡಾಕ್ಟರೇ ಇಲ್ಲ. ಇದ್ದ ಮುದುಕರು ರಿಟೈರ್ ಆಗುತ್ತಿದ್ದಾರೆ, ಉಳಿದವರು 'ಹೊಸ ರೋಗಿಗಳನ್ನು ತೆಗೆದುಕೊಳ್ಳುವುದಿಲ್ಲ' ಅಂತ ಬೋರ್ಡು ಹಾಕಿದ್ದಾರೆ. ಫ್ರೆಂಚರೇ ಇದಕ್ಕೆ 'ವೈದ್ಯರ ಮರುಭೂಮಿ' ಅನ್ನುತ್ತಾರೆ. ಮರುಭೂಮಿಯಲ್ಲಿ ನೀರು ಕುಡಿಯದವನಿಗೆ ದಂಡ. ಯಾರೂ ಸಿಗುತ್ತಿಲ್ಲ ಅಂತ ದೂರಬಹುದು, ಇಲ್ಲ ಅಂತಲ್ಲ. ಅದಕ್ಕೆ ಸಂಧಾನ ಮಾಡುವವರೊಬ್ಬರಿದ್ದಾರೆ. ಅವರಿಗೆ ಪತ್ರ ಬರೆಯಬೇಕು, ಮತ್ತೆ ಕರೆಂಟ್ ಬಿಲ್ ಲಗತ್ತಿಸಬೇಕು.

ಹಾಗಂತ ಸರ್ಕಾರಕ್ಕೆ ಕಣ್ಣಿಲ್ಲ ಅನ್ನಬೇಡಿ. 2022ರಲ್ಲಿ ಒಂಬತ್ತು ಜಿಲ್ಲೆಗಳಲ್ಲಿ ಆಕಾಶದಿಂದ ತೆಗೆದ ಫೋಟೋಗಳನ್ನು ಕಂಪ್ಯೂಟರಿಗೆ ಕೊಟ್ಟು, ಲೆಕ್ಕಕ್ಕೆ ತೋರಿಸದ 20,000ಕ್ಕೂ ಹೆಚ್ಚು ಈಜುಕೊಳಗಳನ್ನು ತೆರಿಗೆ ಇಲಾಖೆ ಹಿಡಿಯಿತು. ಕೌಂಟರಿನ ಮುಂದೆ ಎರಡಡಿ ದೂರದಲ್ಲಿ ನಿಂತಿರುವ ದೊರೆ ಕಾಣುವುದಿಲ್ಲ. ಅವರ ಹಿತ್ತಲಿನ ಈಜುಕೊಳ ಆಕಾಶದಿಂದ ಕಾಣುತ್ತದೆ. ಕಕ್ಕಸು ಗುಂಡಿಗೂ ಬೇರೆ ಇನ್‌ಸ್ಪೆಕ್ಟರ್ ಇದ್ದಾರೆ, ಅದು ಸರಿಯಿಲ್ಲದಿದ್ದರೆ ಮನೆ ಕೊಂಡವರು ಒಂದು ವರ್ಷದಲ್ಲಿ ಸರಿ ಮಾಡಿಸಬೇಕು. ಲ್ಯಾವೆಂಡರ್ ಹೂವಿನ ಕನಸು ಕಂಡು ಬಂದ ದೊರೆಸಾನಿ ಈಗ ಗುಂಡಿಯ ಪೈಪು, ಮುಚ್ಚಳ, ಒಳಹರಿವು, ಹೊರಹರಿವಿನ ಬಗ್ಗೆ ನಿರರ್ಗಳವಾಗಿ ಫ್ರೆಂಚ್ ಮಾತಾಡುತ್ತಾರೆ. ಹೂವಿಗೆ ಏನನ್ನುತ್ತಾರೋ ಮರೆತಿದೆ.

ಮೊನ್ನೆ ಇಂಗ್ಲೆಂಡಿನಿಂದಲೇ ಒಂದು ಲಕೋಟೆ ಬಂತು. ಪಿಂಚಣಿ ಇಲಾಖೆಯದು. ನೀವಿನ್ನೂ ಬದುಕಿದ್ದೀರಿ ಅಂತ ಯಾರಾದರೂ ಗಣ್ಯರ ಕೈಲಿ ಸಹಿ ಮಾಡಿಸಿ ಕಳಿಸಿ. ನವೆಂಬರ್ ಬಂದರೆ ನಮ್ಮ ಅಪ್ಪಂದಿರು ಬ್ಯಾಂಕಿನ ಮುಂದೆ ಸಾಲಾಗಿ ನಿಂತು ಬೆರಳೊತ್ತಿ ಬದುಕಿದ್ದೇವೆ ಅನ್ನುತ್ತಾರಲ್ಲ, ಅದೇ. ದೊರೆ ಮಂಗಳವಾರ ಇಸ್ತ್ರಿ ಅಂಗಿ ಹಾಕಿಕೊಂಡು ಮೇರಿಗೆ ಹೋದರು. ಸೆಕ್ರೆಟರಿ ಮೇಡಂ ಬೆಳಿಗ್ಗೆಯಷ್ಟೇ ಬೇಕರಿಯಲ್ಲಿ ಸಿಕ್ಕಿದ್ದರು, ಇಬ್ಬರೂ ಬ್ರೆಡ್ಡಿನ ಬೆಲೆಯ ಬಗ್ಗೆ ಮಾತಾಡಿದ್ದರು.

"ಬೋಂಜೂರ್ ಮೊಸ್ಯೂ, ಚೆನ್ನಾಗಿದ್ದೀರಾ?"

"ಚೆನ್ನಾಗಿದ್ದೇನೆ. ಅದನ್ನೇ ಬರೆದುಕೊಡಿ ಅಂತ ಬಂದೆ."

ಪಾಸ್‌ಪೋರ್ಟ್ ನೋಡಿದರು. ಸರಿ. ಪರವಾನಗಿ ಕಾರ್ಡ್ ನೋಡಿದರು. ಸರಿ. ಕೇಳುವ ಮೊದಲೇ ದೊರೆ ಹೆಮ್ಮೆಯಿಂದ ಕರೆಂಟ್ ಬಿಲ್ ತೆಗೆದಿಟ್ಟರು. ಎರಡೂ ಹೆಸರು, ತವರಿನದ್ದೂ ಸೇರಿ. ಮೇಡಂ ಕನ್ನಡಕ ಏರಿಸಿಕೊಂಡು ತಾರೀಖು ನೋಡಿದರು.

"ಇದು ನಾಲ್ಕು ತಿಂಗಳ ಹಿಂದಿನದು, ಮೊಸ್ಯೂ."

ಅಷ್ಟರಲ್ಲಿ ಚರ್ಚಿನ ಗಂಟೆ ಹನ್ನೆರಡು ಹೊಡೆಯಿತು. ಮೇಡಂ ಎದ್ದು ಷಟರಿಗೆ ಕೈ ಹಾಕಿದರು. ಶುಕ್ರವಾರ ಬನ್ನಿ ಅಂದರು.

"ಅಲ್ಲಿಯವರೆಗೆ ನಾನು ಏನು?" ದೊರೆ ಕೇಳಿದರು.

ಮೇಡಂ ಒಂದು ಕ್ಷಣ ನಿಜವಾಗಿಯೂ ಯೋಚನೆ ಮಾಡಿದರು. ಆಮೇಲೆ ನಗುತ್ತಾ, "ಹೊಟ್ಟೆ ತುಂಬ ಊಟ ಮಾಡಿ, ಮೊಸ್ಯೂ" ಅಂದರು.